ಗಂಡಿನ ಮೂಲ ಕೆದಕಿದ ಭಾನುವಾರ

ಮನುಷ್ಯನಿಗೆ ಒಂದಾದರೂ ಚಟ ಇರಬೇಕು. ಇಲ್ಲದಿದ್ದರೆ ಹೆಂಡತಿಗೆ ಬೈಯಲು ವಿಷಯ ಸಿಗದೆ ಸಂಸಾರ ಸಪ್ಪೆಯಾಗುತ್ತದೆ. ನಮ್ಮ ಮಂಡ್ಯದಲ್ಲಿ ನಶ್ಯಕ್ಕೂ ಇಸ್ಪೀಟಿಗೂ ಕೊರತೆಯಿಲ್ಲ. ಆದರೆ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟರಾದ ನಾನು ಅಂಟಿಸಿಕೊಂಡದ್ದು ಹಳೆಯ ಇಂಗ್ಲಿಷ್ ಪದಗಳ ಹುಟ್ಟು ಕೆದಕುವ ಚಟ. ನೋಡಲು ಅಣ್ಣತಮ್ಮಂದಿರಂತಿರುವ ಎರಡು ಪದಗಳು ಸಿಕ್ಕರೆ, ಅವುಗಳ ಗೋತ್ರ ಬೇರೆಯೆಂದು ಸಾಧಿಸುವವರೆಗೆ ನನಗೆ ಊಟ ಸೇರದು. ಮದುವೆಗೆ ಸಂಬಂಧಿಸಿದ 'ಬ್ರೈಡಲ್' ಉಂಟಲ್ಲ, ಅದು ಮದುವೆಯ ದಿನ ಆ ಜನ ಕುಡಿಯುತ್ತಿದ್ದ 'ಏಲ್' ಎಂಬ ಮದ್ಯದಿಂದ ಬಂದದ್ದು. ಕಾಗುಣಿತ ತುಸು ಹೊರಳಿದರೆ ಅದೇ ಕುದುರೆಯ ಕಡಿವಾಣ. ಇವೆರಡಕ್ಕೂ ನೆಂಟಸ್ತಿಕೆಯೇ ಇಲ್ಲವೆಂದು ನಾನು ಘೋಷಿಸಿದಾಗ ನಮ್ಮ ಮನೆಯಾಕೆ, ಅನುಭವಸ್ಥರು ಬೇರೆ ಹೇಳುತ್ತಾರೆ ಎಂದಳು. 'ಲೇಡಿ' ಎಂದರೆ ಮೂಲದಲ್ಲಿ ಹಿಟ್ಟು ನಾದುವವಳು ಎಂದ ದಿನವಂತೂ, ಮುದ್ದೆ ತೊಳಸುತ್ತಲೇ, "ಅದ್ನ ತಿಳ್ಕೊಳಕ್ಕೆ ಅಷ್ಟು ದಪ್ಪ ಪುಸ್ತಕ ಬೇಕಿತ್ತಾ?" ಎಂದು ಕೇಳಿದ್ದಳು.

ಹೀಗಿರುವಾಗ ಮದ್ದೂರಿನಲ್ಲಿರುವ ನನ್ನ ಭಾವಮೈದನ ಮಗಳು ಸುಶೀಲಳನ್ನು ನೋಡಲು ಮಳವಳ್ಳಿಯಿಂದ ಗಂಡಿನ ಕಡೆಯವರು ಬರುವುದೆಂದಾಯಿತು. ಹುಡುಗನಿಗೆ ಜಲಪಾತದ ಪಕ್ಕದ ಬ್ಲಫ್ ವಿದ್ಯುತ್ ಕೇಂದ್ರದಲ್ಲಿ ಕರೆಂಟು ತಯಾರಿಸುವ ಕೆಲಸ. ತಂದೆ ನಿವೃತ್ತ ಹೆಡ್ಮಾಸ್ಟರು. ಸುಶೀಲ ಮನೆಯಲ್ಲಿ ಅರಳು ಹುರಿದಂತೆ ಮಾತಾಡುವವಳು. ಚಾಪೆಯ ಮೇಲೆ ಕೂರಿಸಿ ನಾಲ್ಕು ಜನ ನೋಡಿದರೆ ಬಾಯಿಗೆ ಬೀಗ. ಆಗಲೇ ಎರಡು ಕಡೆಯವರು ಉಪ್ಪಿಟ್ಟು ತಿಂದು, ಹುಡುಗಿ ಮೂಗಿಯೇನೋ ಎಂಬ ಅನುಮಾನ ಹೊತ್ತು ಹೋಗಿದ್ದರು. ಇದೂ ತಪ್ಪಿದರೆ ಆ ಮಾತು ಊರಲ್ಲಿ ಗಟ್ಟಿಯಾಗಿಬಿಡುತ್ತದೆಂದು ಎಲ್ಲರಿಗೂ ದಿಗಿಲು. ಇಂಗ್ಲಿಷಿನ ಸುದ್ದಿ ಎತ್ತಕೂಡದೆಂದು ಮನೆಯಾಕೆ ಬಸ್ಸಿನಲ್ಲೇ ನನ್ನಿಂದ ಆಣೆ ಹಾಕಿಸಿಕೊಂಡಳು.

ನಾನು ಎತ್ತಲಿಲ್ಲ. ಎತ್ತಿದವರು ಹೆಡ್ಮಾಸ್ಟರು. ಸುಶೀಲಳ ಹೆಸರನ್ನೂ ಓದನ್ನೂ ಒಂದೊಂದೇ ಪದದಲ್ಲಿ ಕೇಳಿಸಿಕೊಂಡು, ಊರಿಗೆ ಹೋಗಿ ತಿಳಿಸುತ್ತೇವೆಂದು ವಲ್ಲಿ ಕೊಡವಿದ ಅವರಿಗೆ ನಾನು ಇಂಗ್ಲಿಷ್ ಮೇಷ್ಟರೆಂದು ತಿಳಿಯಿತು. ಮದುವೆ ಗಂಡನ್ನು 'ಬ್ರೈಡ್‌ಗ್ರೂಮ್' ಎನ್ನುತ್ತಾರಲ್ಲ, 'ಗ್ರೂಮ್' ಎಂದರೆ ಕುದುರೆ ತಿಕ್ಕುವವನು, ನಮ್ಮವನೂ ಅದಕ್ಕೇ ಹೊರಟಿದ್ದಾನೆ ಎಂದು ನಕ್ಕರು. ಮೂಲ ಬಲ್ಲವನು ಇದನ್ನು ಕೇಳಿ ಸುಮ್ಮನಿರುವುದು ಧರ್ಮವಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಗುಮ' ಎಂದರೆ ಗಂಡಸು. ಜನ ಆ ಪದವನ್ನು ಮರೆತ ಮೇಲೆ ಅದರ ಜಾಗದಲ್ಲಿ ಲಾಯದ ಆಳು ಬಂದು ಕೂತ ಎಂದೆ. ಅವರು ಒಪ್ಪಲಿಲ್ಲ. ಹೆತ್ತ ತಂದೆ ಮಗನನ್ನು ಕುದುರೆಯಾಳೆಂದು ಸಾಧಿಸುತ್ತಿದ್ದರೆ, ಹೆಣ್ಣಿನ ಕಡೆಯ ನಾನು ಅವನ ಮಾನಕ್ಕಾಗಿ ಹೋರಾಡುತ್ತಿದ್ದೆ. ಬಾಗಿಲ ಸಂದಿಯಿಂದ ಮನೆಯಾಕೆಯ ಕಣ್ಣು ನನ್ನನ್ನು ಸುಡುತ್ತಿತ್ತು.

ಅಷ್ಟರಲ್ಲಿ ಮಳವಳ್ಳಿ ಬಸ್ಸು ಹೋಯಿತು. ಹೆಡ್ಮಾಸ್ಟರು ಗಡಿಯಾರ ನೋಡಿದರೆ ನಾಲ್ಕೂವರೆ. ಭಾನುವಾರದ ರಾಹುಕಾಲ ಶುರು. ಸಂಬಂಧದ ಮಾತಿಗೆ ಬಂದವರು ರಾಹುಕಾಲದಲ್ಲಿ ಹೊಸ್ತಿಲು ದಾಟುವುದುಂಟೆ? ಆರು ಗಂಟೆಯವರೆಗೆ ಕೂರಲೇಬೇಕು. ಕೂತ ಮೇಲೆ ವಾದ ಮಾಡಲೇಬೇಕು. ಬೇಸತ್ತ ಹುಡುಗ ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದ. ಅದೇ ಹೊತ್ತಿಗೆ ಕರೆಂಟೂ ಹೋಗಿ, ಪಕ್ಕದ ಹಿಟ್ಟಿನ ಗಿರಣಿ ಗಪ್ಪಾಯಿತು. ಮುಂದಿನದನ್ನು ಅಡುಗೆಮನೆಯ ಕಿಟಕಿಯಿಂದ ಕದ್ದು ಕೇಳಿದವಳು ನಮ್ಮಾಕೆ. ಹಿತ್ತಿಲಲ್ಲಿ ಲೋಟ ತೊಳೆಯುತ್ತಿದ್ದ ಸುಶೀಲ, ನೋಡುವವರ ಸಾಲು ಇಲ್ಲದ್ದರಿಂದ, ತನ್ನ ಸಹಜ ಸ್ಥಿತಿಗೆ ಬಂದಳಂತೆ.

"ಕರೆಂಟು ಮಾಡೋರು ನೀವೇ ಅಂತಲ್ಲ. ಮದ್ದೂರ್ಗೆ ಬರೋ ಒತ್ಗೆ ಅದ್ಯಾಕಂಗೆ ಸತ್ತೋಯ್ತದೆ?"

"ನಾ ಅಲ್ಲಿಂದ ಅತ್ಸಿ ಕಳ್ಸಿದ್ದೆ ಕಣ್ರೀ. ದಾರೀಲಿ ಯಾವ್ ಅಳ್ಳೀಲಿ ಇಳ್ಕೊಂತೋ."

ಆಮೇಲೆ ಇಬ್ಬರೂ ರಾಹುಕಾಲ ಮುಗಿಯುವವರೆಗೆ ಜಗಳವಾಡಿದರಂತೆ. ಹುಡುಗ ಒಳಗೆ ಬಂದು ತಂದೆಯ ಕಿವಿಯಲ್ಲಿ ಏನೋ ಹೇಳಿದ. ಅವರು ನನ್ನ ಮೇಲಿಂದ ಕಣ್ಣು ತೆಗೆಯದೆ, "ಆಯ್ತು ಬುಡ್ಲಾ, ಒಪ್ಪಿಗೆ ಅಂತ ಏಳ್ತೀನಿ. ಮೊದ್ಲು ಇವರ ಗುಮನ್ನ ಮುಗಿಸ್ಬುಡ್ತೀನಿ" ಎಂದರು.

ಮದುವೆ ಸಾಂಗವಾಗಿ ನಡೆಯಿತು. ಅದರ ಕೀರ್ತಿಯಲ್ಲಿ ಹೆಚ್ಚು ಪಾಲು ರಾಹುವಿಗೆ, ಉಳಿದದ್ದು ನನಗೆ ಎಂದು ಬಳಗ ತೀರ್ಮಾನಿಸಿತು. ಮೊನ್ನೆ ಬಸರಾಳಿನ ನೆಂಟನೊಬ್ಬ ಮನೆಗೆ ಬಂದು, ತನ್ನ ಮಗಳನ್ನು ನೋಡಲು ಜನ ಬರುತ್ತಾರೆಂದು ತಿಳಿಸಿದ. ಪದಗಳ ವಿಷಯ ಅವನು ಒಂದೂ ಕೇಳಲಿಲ್ಲ. "ಗಂಡಿನ ಕಡೇರು ಭಾನ್ವಾರ ಬೆಳಿಗ್ಗೇನೇ ಬತ್ತಾರಂತೆ ಕಣಣ್ಣ. ಆ ಒತ್ನಲ್ಲಿ ರಾವುಕಾಲ ಇಲ್ಲ. ಅದ್ಕೇ ನೀವಾದ್ರೂ ಬಂದ್ಬುಡಿ" ಎಂದ. ನನ್ನ ವಿದ್ವತ್ತಿಗೆ ಸಂದ ಮರ್ಯಾದೆ ಇದು. ಆದರೂ ನವಗ್ರಹಗಳ ಸಾಲಿನಲ್ಲಿ ನಿಲ್ಲಿಸಿದವರ ಮೇಲೆ ಮುನಿಸಿಕೊಳ್ಳುವುದು ಹೇಗೆ? ಕೋಟನ್ನು ಇಸ್ತ್ರಿಗೆ ಕೊಟ್ಟಿದ್ದೇನೆ.