ಬಚ್ಚಲುಮನೆಯ ಮಹಾಭಾಷಣ

"ಈ ಸಲ ನಡುಗೋದೇನಿದ್ರೂ ಮೈಕು, ನಾನಲ್ಲ!" ಎಂದು ಮನೆಯವರ ಮುಂದೆ ಘೋಷಿಸಿಬಿಟ್ಟೆ.

ಕಾರಣವಿತ್ತು. ನಮ್ಮ ಕಾಲೇಜಿನ ಲೈಬ್ರರಿ ಮೇಡಂ ನಿವೃತ್ತರಾಗುತ್ತಿದ್ದರು. ಅವರ ಮೇಜಿನ ಪಕ್ಕದ ಕಿಟಕಿಯ ಬೆಳಕಿನಲ್ಲೇ ಓದಿ ಬೆಳೆದವಳು ನಾನು. "ಬೀಳ್ಕೊಡುಗೆ ದಿನ ನೀನೇ ಮಾತಾಡ್ಬೇಕು ಕಣೇ" ಎಂದಿದ್ದರು. ಬೇರೆ ಯಾರಾದರೂ ಕೇಳಿದ್ದರೆ ಜ್ವರ ಬರಿಸಿಕೊಂಡು ಮಲಗಿಬಿಡುತ್ತಿದ್ದೆ. ಮೇಡಂಗೆ ಇಲ್ಲವೆನ್ನುವುದು ಹೇಗೆ?

ಸಮಾರಂಭದ ಬೆಳಿಗ್ಗೆ ಕೊನೆಯ ತಾಲೀಮು. ನನ್ನ ದನಿ ಮೊಳಗುವ ಜಾಗವೆಂದರೆ ಬಚ್ಚಲುಮನೆಯೊಂದೇ. ಅಪ್ಪ, ಅಮ್ಮ, ಅಜ್ಜಿಯನ್ನು ಹೊರಗೆ ಕುರ್ಚಿ ಹಾಕಿ ಕೂರಿಸಿ ಕಟ್ಟಪ್ಪಣೆ ಮಾಡಿದೆ: "ನಾನು ಏನೇ ಅಂದ್ರೂ ಮಧ್ಯೆ ಬಾಯಿ ಹಾಕ್ಬೇಡಿ. ನಿಲ್ಲಿಸಿದಾಗೆಲ್ಲ ಜೋರಾಗಿ ಚಪ್ಪಾಳೆ ಹೊಡೀರಿ. ಧೈರ್ಯ ಬರುತ್ತೆ."

ಬಾಗಿಲು ಮುಚ್ಚಿತು, ನನ್ನ ಬಾಯಿ ತೆರೆಯಿತು. ಆಹಾ, ಏನು ಓಘ! ನಲ್ಲಿ ಕೂಡ ಹನಿಹನಿಯಾಗಿ ಕಣ್ಣೀರಿಟ್ಟಿತು. ವಿಜಯೋತ್ಸಾಹದಲ್ಲಿ ಚಿಲಕ ಎಳೆದೆ. ಹಿಡಿ ಕೈಗೆ ಬಂತು, ಚಿಲಕ ಅಲ್ಲೇ ಉಳಿಯಿತು!

"ಅಮ್ಮಾ, ಚಿಲಕ ಮುರಿದುಹೋಯ್ತು!"

ಚಟಪಟ ಚಪ್ಪಾಳೆ.

"ತಮಾಷೆ ಅಲ್ಲ! ಒಳಗೆ ಸಿಕ್ಕಿಹಾಕ್ಕೊಂಡಿದೀನಿ!"

ಇನ್ನೂ ಜೋರು ಚಪ್ಪಾಳೆ.

"ಇದನ್ನ ಹೊಸದಾಗಿ ಸೇರಿಸಿದಾಳೆ ಕಣ್ರೀ," ಅಮ್ಮನ ದನಿ.

"ಸುಮ್ನಿರೇ, ಬಾಯಿ ಹಾಕ್ಬೇಡಿ ಅಂದಿದಾಳೆ," ಎಂದರು ಅಪ್ಪ.

"ಅಯ್ಯೋ, ಯಾರಾದ್ರೂ ಕಾಪಾಡಿ!"

ಅಜ್ಜಿ ಮೂಗು ಸೀಟಿದ್ದು ಕೇಳಿಸಿತು. "ಆ ಮೇಡಂ ಮೇಲೆ ಎಷ್ಟು ಪ್ರೀತಿ ನೋಡು ಮಗೂಗೆ!"

ಸದ್ದಿಗೆ ಪಕ್ಕದ ಮನೆಯವರೂ ಬಂದರು. ಅಪ್ಪ ಅವರಿಗೂ ಕುರ್ಚಿ ಹಾಕಿ, ಚಪ್ಪಾಳೆಯ ನಿಯಮ ತಿಳಿಸಿದರು. ನಾನು ಬೇಡಿದೆ, ಬೈದೆ, ಇಡೀ ವಂಶವನ್ನೇ ತರಾಟೆಗೆ ತೆಗೆದುಕೊಂಡೆ. ಒಮ್ಮೆಯೂ ತೊದಲಲಿಲ್ಲ! ಕೊನೆಗೆ "ಹೊತ್ತಾಯ್ತು, ಸಾಕು ಬಾರೇ" ಎಂದು ಅಮ್ಮ ಬಾಗಿಲು ತಳ್ಳಿದಾಗಲೇ ನಿಜ ಹೊರಬಿದ್ದದ್ದು. ನಾನು ಹೊರಬೀಳಲು ಬಡಗಿ ಬರಬೇಕಾಯಿತು. ಬಾಗಿಲು ಕಳಚಿದವನು ಎಲ್ಲರೂ ಚಪ್ಪಾಳೆ ಹೊಡೆಯುವುದನ್ನು ನೋಡಿ, ಉಳಿ ಕೆಳಗಿಟ್ಟು ತಾನೂ ಚಪ್ಪಾಳೆ ತಟ್ಟಿದ!

ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಕಾಲೇಜಿಗೆ ಓಡಿದೆವು. ವೇದಿಕೆ ಹತ್ತಿದೆ. ಕೆಳಗೆ ಬರೀ ಮುಖಗಳು, ಮುಖಗಳು! ಎದುರಿಗೇ ಆಸೆಯಿಂದ ನೋಡುತ್ತಿದ್ದ ಮೇಡಂ.

"ಎಲ್ಲರಿಗೂ ನಮಸ್ಕಾರ. ನಮ್ಮ ಮೇಡಂ..."

ಅಷ್ಟೇ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ನಿಲ್ಲಿಸಿದ್ದೇ ತಡ, ಹಿಂದಿನ ಸಾಲಿನಿಂದ ಅಪ್ಪ, ಅಮ್ಮ, ಅಜ್ಜಿಯ ಭೀಕರ ಚಪ್ಪಾಳೆ! ಸಭೆಗೆ ಸಭೆಯೇ ದನಿಗೂಡಿಸಿತು. "ಅವರು..." ಎಂದು ಮತ್ತೆ ತೊದಲಿ ನಿಂತೆ. ಮತ್ತೂ ಚಪ್ಪಾಳೆ! "ಅದ್ಭುತ ಮಾತುಗಳು!" ಎಂದು ನಿರೂಪಕ ಮೈಕ್ ಕಸಿದುಕೊಂಡ.

ತಲೆ ತಗ್ಗಿಸಿ ಮೇಡಂ ಬಳಿ ಹೋದೆ. "ಕ್ಷಮಿಸಿ ಮೇಡಂ, ನಿಮಗೋಸ್ಕರ ನಾಲ್ಕು ಮಾತು ಆಡೋಕೂ ಆಗ್ಲಿಲ್ಲ."

ಅವರು ನನ್ನ ಕೈ ಹಿಡಿದು ನಕ್ಕರು. "ಇಷ್ಟು ವರ್ಷ ಆ ಲೈಬ್ರರೀಲಿ ಕೂತು 'ಮಾತಾಡ್ಬೇಡಿ, ಮಾತಾಡ್ಬೇಡಿ' ಅಂತ ಬಡ್ಕೊಂಡಿದ್ದೇ ಬಂತು. ಕೊನೆಗೂ ನನ್ನ ಮಾತು ಕೇಳಿದವಳು ನೀನೊಬ್ಬಳೇ ಕಣೇ!"