ಕೋಡಿಲಕ್ಕೇನಹಳ್ಳಿ ದೊಡ್ಡಕೆರೆಯನ್ನು ಈಜಿ ದಾಟಿದ ಬಗ್ಗೆ

ಕೋಡಿಲಕ್ಕೇನಹಳ್ಳಿ ಗ್ರಾಮ ಪಂಚಾಯಿತಿಗೆ ಸೇರಿದ ದೊಡ್ಡಕೆರೆಯು ಅರವತ್ತೆರಡು ಎಕರೆ ವಿಸ್ತೀರ್ಣವುಳ್ಳದ್ದಾಗಿದ್ದು, ನಡುಭಾಗದಲ್ಲಿ ಹದಿನೆಂಟು ಅಡಿ ನೀರಿನಿಂದ ಕೂಡಿರುತ್ತದೆ. ಇದು ಕಡತದಲ್ಲಿರುವ ಸಂಗತಿ. ಕೆರೆಯು ಊರಿನ ಪಡುವಣಕ್ಕಿದೆ. ಕಡತವು ಪಂಚಾಯಿತಿ ಕಚೇರಿಯ ಬೀರುವಿನಲ್ಲಿದೆ. ಎರಡರ ನಡುವೆ ಅರ್ಧ ಮೈಲಿ ದೂರವಿರುವುದರಿಂದ ಕೆಲವರಿಗೆ ಗೊಂದಲವಾಗುವುದುಂಟು.

ಹೀಗೆ ಗೊಂದಲ ಮಾಡಿಕೊಂಡವರಲ್ಲಿ ಪಂಚಾಯಿತಿ ಸದಸ್ಯರಾದ ಗಂಗಣ್ಣನವರು ಮುಖ್ಯರು. ಇವರು ದೂರದ ಈಜುಗಾರರು. ಸಮುದ್ರದಲ್ಲಿ ಒಂದು ದಡದಿಂದ ಇನ್ನೊಂದು ದಡಕ್ಕೆ ಹನ್ನೊಂದು ಗಂಟೆ ಕಾಲ ಈಜಿದವರು. ಸಮುದ್ರವೇ ಇಲ್ಲದ ದೇವನಹಳ್ಳಿ ತಾಲ್ಲೂಕಿನಲ್ಲಿ ಇಂಥವರು ಹುಟ್ಟಿದ್ದು ಹೇಗೆಂದು ಹೊರಗಿನವರು ಕೇಳುತ್ತಾರೆ. ಅವರು ಹುಟ್ಟಿದಾಗ ದೊಡ್ಡಕೆರೆಯಲ್ಲಿ ನೀರಿತ್ತು. ಅವರ ತಂದೆ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ತೂಬಿನ ಬಳಿ ನೂಕಿದ್ದರು. ಆಮೇಲೆ ನೀರು ಹೋಯಿತು, ಅಭ್ಯಾಸ ಉಳಿಯಿತು. ಈಗ ಅವರು ತಮ್ಮ ಹೊಲದ ಕೃಷಿ ಹೊಂಡದಲ್ಲಿ, ಪ್ಲಾಸ್ಟಿಕ್ ಹಾಸಿನ ಮೇಲೆ ನಿಂತ ನೀರಿನಲ್ಲಿ, ಬೆಳಿಗ್ಗೆ ಎಂಟುನೂರು ಸುತ್ತು ತಿರುಗುತ್ತಾರೆ. ನೀರನ್ನು ಇಷ್ಟು ಹಚ್ಚಿಕೊಂಡ ಮನುಷ್ಯ ಊರಿಗೂ ಒಂದಿಷ್ಟು ತರಬಹುದೆಂದು ಜನ ಅವರಿಗೆ ಮತ ಹಾಕಿದ್ದರು.

ಗಂಗಣ್ಣನವರು ಸುಮ್ಮನಿರಲಿಲ್ಲ. ಎರಡು ವರ್ಷದ ಹಿಂದೆ, ಪಂಚಾಯಿತಿ ಅಧ್ಯಕ್ಷ ಆದಿನಾರಾಯಣಪ್ಪನವರ ಭಾಮೈದ, ಗುತ್ತಿಗೆದಾರ ದೇವರಾಜ್, ಕೆರೆಯ ಹೂಳೆತ್ತಿ ನೀರು ತುಂಬಿಸಿದ್ದರು. ಹೂಳೆತ್ತಿದ್ದಕ್ಕೂ ನೀರು ತುಂಬಿಸಿದ್ದಕ್ಕೂ ಒಂದೇ ದಿನ ಬಿಲ್ ಆಗಿತ್ತು. ಕೆಲಸ ಅಷ್ಟು ಚುರುಕಾಗಿ ನಡೆದಿತ್ತು. ಕೆರೆಯಲ್ಲಿ ನೀರಿಲ್ಲವೆಂದು ಗಂಗಣ್ಣನವರು ದೂರು ಬರೆದರು. "ಕಡತವನ್ನು ಪರಿಶೀಲಿಸಲಾಗಿ ನೀರು ಕಂಡುಬಂದಿರುತ್ತದೆ" ಎಂದು ಉತ್ತರ ಬಂತು. ಮತ್ತೆ ಬರೆದರು. ಮೂರನೆಯ ಸಲ ಬರೆದಾಗ ಮೇಲಿನವರು, ದೂರು ತೀರ್ಮಾನವಾಗುವವರೆಗೆ ಊರಿಗೆ ದಿನ ಬಿಟ್ಟು ದಿನ ಟ್ಯಾಂಕರ್ ನೀರು ಕೊಡತಕ್ಕದ್ದೆಂದು ಆದೇಶಿಸಿದರು. ಊರಿನ ಹೆಂಗಸರು ಆ ದೂರು ಎಂದೂ ತೀರ್ಮಾನವಾಗದಿರಲೆಂದು ಹರಕೆ ಹೊತ್ತಿದ್ದರು.

ಹೀಗಿರುವಾಗ ಈಜು ಸಂಘದಿಂದ ಗಂಗಣ್ಣನವರಿಗೆ ಒಂದು ಪತ್ರ ಬಂತು. ಏಪ್ರಿಲ್ ತಿಂಗಳಲ್ಲಿ ಮತ್ತೆ ಸಮುದ್ರ ದಾಟಲು ಅವರ ಅರ್ಜಿಯನ್ನು ಪರಿಗಣಿಸಲಾಗಿದೆ. ಐವತ್ತು ತುಂಬಿದವರಿಗೆ ಅವಕಾಶವಿಲ್ಲ. ಅಭ್ಯರ್ಥಿಯು ತನ್ನ ವಾಸಸ್ಥಳದ ಬಯಲು ಜಲಮೂಲವೊಂದನ್ನು, ಎಲ್ಲಿಯೂ ಕಾಲೂರಿ ನಿಲ್ಲದೆ, ದಡದಿಂದ ದಡಕ್ಕೆ ಈಜಿದ್ದಾನೆಂದು ಸ್ಥಳೀಯ ಸಂಸ್ಥೆಯಿಂದ ದೃಢೀಕರಣ ತರತಕ್ಕದ್ದು. ಕೃಷಿ ಹೊಂಡವು ಬಯಲು ಜಲಮೂಲವಾಗಿ ಪರಿಗಣಿತವಲ್ಲ. ಗಂಗಣ್ಣನವರಿಗೆ ಮೇ ತಿಂಗಳಿಗೆ ಐವತ್ತು ತುಂಬುತ್ತಿತ್ತು.

ಅವರು ಪತ್ರ ಹಿಡಿದು ಪಂಚಾಯಿತಿಗೆ ಹೋದರು. ಅಭಿವೃದ್ಧಿ ಅಧಿಕಾರಿ ಅನಿಲ್‌ಕುಮಾರ್ ಪತ್ರವನ್ನು ಎರಡು ಸಲ ಓದಿದರು.

"ನೀರಿಲ್ಲ ಅಂತ ಬರ್ಕೊಟ್ಟೋರೂ ನೀವೇ, ಈಜಿದ್ದೀನಿ ಅಂತ ಪತ್ರ ಕೇಳೋರೂ ನೀವೇ. ಎರಡಕ್ಕೂ ಒಂದೇ ಸೀಲು ಹೆಂಗೆ ಹಾಕ್ಲಿ ಗಂಗಣ್ಣನವ್ರೇ?"

"ಬೇರೆ ಊರ ಕೆರೇಲಿ ಈಜಿದ್ರೆ ಆಗಕಿಲ್ವಾ ಸಾರ್?"

"ನಮ್ಮ ವ್ಯಾಪ್ತಿಗೆ ಬರಲ್ಲ."

ಅಧ್ಯಕ್ಷ ಆದಿನಾರಾಯಣಪ್ಪನವರು ಎಲೆ ಅಡಿಕೆ ಒಂದು ದವಡೆಗೆ ಸರಿಸಿಕೊಂಡು ಕೇಳಿದರು: "ಏನಪ್ಪಾ ಗಂಗಣ್ಣ, ಸಮುದ್ರಾನೇ ಈಜ್ದೋನು ನಮ್ಮೂರ ಕೆರೆ ಕಂಡು ಹೆದರ್ಕಂಡ್ಯಾ?"

"ಹೆದರಿಕೆ ಅಲ್ಲ ಅಧ್ಯಕ್ಷರೇ. ನೀರೇ ಇಲ್ವಲ್ಲ."

"ಅದನ್ನ ಇಳಿದು ನೋಡಿ ಹೇಳು. ದಡದ ಮ್ಯಾಲೆ ನಿಂತ್ಕಂಡ್ರೆ ಆಳ ಗೊತ್ತಾಯ್ತದಾ?"

ಅನಿಲ್‌ಕುಮಾರ್ ವಿಷಯವನ್ನು ವಿವರಿಸಿದರು. ಸದಸ್ಯರು ದೊಡ್ಡಕೆರೆಯನ್ನು ಈಜಿದ ಪಕ್ಷದಲ್ಲಿ ದೃಢೀಕರಣ ಪತ್ರ ಅಂದೇ ಕೊಡಲಾಗುವುದು. ಈಜಿದ ಮೇಲೆ ನೀರಿಲ್ಲವೆನ್ನುವ ದೂರು ತಾನಾಗಿಯೇ ಮುಕ್ತಾಯವಾಗುವುದು.

"ಟ್ಯಾಂಕರು?" ಎಂದರು ಗಂಗಣ್ಣನವರು.

"ಹದಿನೆಂಟು ಅಡಿ ನೀರಿರೋ ಊರಿಗೆ ಟ್ಯಾಂಕರ್ ಕಳಿಸಿದ್ರೆ ನಾಳೆ ನನ್ನನ್ನ ಕೇಳ್ತಾರೆ, ಸಾರ್ವಜನಿಕ ನೀರು ಯಾಕೆ ಪೋಲು ಮಾಡ್ದೆ ಅಂತ."

ಗಂಗಣ್ಣನವರು ಮೂರು ದಿನ ಹೊಂಡದಲ್ಲಿ ಸುತ್ತು ಹಾಕುತ್ತಲೇ ಇದ್ದರು. ನಾಲ್ಕನೆಯ ದಿನ ತಮ್ಮ ಹೆಂಡತಿ ಮುನಿತಾಯಮ್ಮನವರನ್ನು, ಈಜಲೇ ಬೇಡವೇ ಎಂದು ಕೇಳಿದರು. ಆಕೆ ಖಾಲಿ ಕೊಡಗಳನ್ನು ಸಾಲಿಗೆ ಇಡುತ್ತಿದ್ದರು.

"ನನ್ನ ಕೇಳ್ಬ್ಯಾಡಿ. ಮೈಗೆ ಎಣ್ಣೆ ಹಚ್ಚು ಅಂದ್ರೆ ಹಚ್ತೀನಿ. ನೀರು ಹೊರೋಳು ನಾನು, ಈಜೋರು ನೀವು."

ಇದನ್ನು ಒಪ್ಪಿಗೆಯೆಂದು ಗಂಗಣ್ಣನವರು ಭಾವಿಸಿದರು. ಮರುದಿನ ಪಂಚಾಯಿತಿಯ ಗೋಡೆಯ ಮೇಲೆ ಈ ಕೆಳಕಂಡ ಪ್ರಕಟಣೆ ಕಾಣಿಸಿಕೊಂಡಿತು:

"ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಮಾನ್ಯ ಸದಸ್ಯರು ದೊಡ್ಡಕೆರೆಯನ್ನು ಈಜಿ ದಾಟುವವರಿದ್ದಾರೆ. ಸಾರ್ವಜನಿಕರು ಏರಿಯ ಮೇಲೆಯೇ ನಿಂತು ನೋಡತಕ್ಕದ್ದು. ಕೆರೆಗೆ ಇಳಿದು ಅನಾಹುತವಾದಲ್ಲಿ ಪಂಚಾಯಿತಿ ಹೊಣೆಯಲ್ಲ. ಕೆರೆಯೊಳಗೆ ಕ್ರಿಕೆಟ್ ಆಡುವವರು ಆ ದಿನದ ಮಟ್ಟಿಗೆ ಬೇರೆ ಸ್ಥಳ ನೋಡಿಕೊಳ್ಳುವುದು."

ಭಾನುವಾರ ಊರೆಲ್ಲ ಏರಿಯ ಮೇಲೆ ಸೇರಿತು. ಸ್ಥಳ ಮಹಜರಿನ ಹಾಳೆಗಳಿಗೆ ಪಂಚರು ವಾಡಿಕೆಯಂತೆ ಹಿಂದಿನ ದಿನವೇ ಸಹಿ ಮಾಡಿದ್ದರು. ಹಾಳೆ ಖಾಲಿಯಿದ್ದುದರಿಂದ ಯಾರೂ ಸುಳ್ಳಿಗೆ ಸಹಿ ಹಾಕಿದಂತಾಗಲಿಲ್ಲ. ಸುರಕ್ಷತೆಗಾಗಿ ಒಂದು ರಬ್ಬರ್ ದೋಣಿಯನ್ನು ಬಾಡಿಗೆಗೆ ತರಿಸಲಾಗಿತ್ತು. ದೋಣಿ ತಾನಾಗಿ ಚಲಿಸದ ಕಾರಣ ಅದನ್ನು ದೇವರಾಜ್ ಅವರ ಟ್ರ್ಯಾಕ್ಟರಿನ ಹಿಂದೆ ಕಟ್ಟಲಾಯಿತು. ಅನಿಲ್‌ಕುಮಾರ್ ತೇಲುವ ಅಂಗಿ ತೊಟ್ಟು, ಮೈಕು ಹಿಡಿದು ದೋಣಿಯಲ್ಲಿ ಕುಳಿತರು. ಮುನಿತಾಯಮ್ಮನವರು ಅಂಬಲಿಯ ಚೊಂಬು ಮತ್ತು ಉದ್ದನೆಯ ಒಂದು ಬಿದಿರಿನ ಗಳು ಹಿಡಿದು ಅವರ ಹಿಂದೆ ಕುಳಿತರು. ದೂರದ ಈಜಿನಲ್ಲಿ ಈಜುಗಾರನನ್ನು ಯಾರೂ ಮುಟ್ಟುವಂತಿಲ್ಲ. ಆಹಾರವನ್ನು ಗಳುವಿನ ತುದಿಗೆ ಕಟ್ಟಿ ಚಾಚಬೇಕು.

ಒಂದು ತೊಡಕು ಮಾತ್ರ ಉಂಟಾಯಿತು. ಕೆರೆಯ ನಡುವೆ ದೊಡ್ಡಬೀರಪ್ಪ ಎಂಬ ಕುರಿಗಾಹಿ ತನ್ನ ನಲವತ್ತು ಕುರಿಗಳನ್ನು ಮೇಯಿಸುತ್ತಿದ್ದನು.

"ಲೇ ಬೀರಪ್ಪ, ದಡಕ್ಕೆ ಬಾರಲಾ! ಮುಳುಗಿ ಹೋದೀಯ!" ಎಂದು ಅಧ್ಯಕ್ಷರು ಕೂಗಿದರು.

"ಮುಳುಗಾಕೆ ನೀರು ಎಲ್ಲೈತೆ ಗೌಡ್ರೇ? ಕುರಿ ಗೊರಸೂ ನೆಂದಿಲ್ಲ!"

"ಕಾಣಾಕಿಲ್ಲ ಕಣಲಾ, ತಿಳಿನೀರು!"

ದೊಡ್ಡಬೀರಪ್ಪ ಕುರಿಗಳನ್ನು ಏರಿಗೆ ಹತ್ತಿಸಿ ತಾನೂ ನೋಡಲು ನಿಂತನು.

ಗಂಗಣ್ಣನವರು ಚಡ್ಡಿ, ಟೋಪಿ, ನೀರುಕನ್ನಡಕ ಧರಿಸಿ, ಮೈತುಂಬ ಹರಳೆಣ್ಣೆ ಬಳಿದುಕೊಂಡು ತೂಬಿನ ಮೆಟ್ಟಿಲಿಳಿದರು. ತಂದೆ ಅವರನ್ನು ನೂಕಿದ್ದು ಅದೇ ಮೆಟ್ಟಿಲಿನಿಂದ. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಬಳಿಕ ಬೋರಲು ಮಲಗಿ ಈಜತೊಡಗಿದರು. ಹೊಟ್ಟೆ ನೆಲಕ್ಕೆ ತಾಗುತ್ತಿರುವ ಬಗ್ಗೆ ಒಬ್ಬರು ಆಕ್ಷೇಪಿಸಿದರು. ನಿಯಮದಲ್ಲಿ ಕಾಲೂರಿ ನಿಲ್ಲಬಾರದೆಂದಿದೆಯೇ ಹೊರತು ಹೊಟ್ಟೆಯ ಬಗ್ಗೆ ಏನೂ ಇಲ್ಲವೆಂದು ಅನಿಲ್‌ಕುಮಾರ್ ಆಕ್ಷೇಪವನ್ನು ತಳ್ಳಿಹಾಕಿದರು.

ಮೊದಲ ಗಂಟೆಯಲ್ಲಿ ನೂರೈವತ್ತು ಗಜ ಆಯಿತು. ಕ್ರಿಕೆಟ್ ಪಿಚ್ಚಿನ ಮೇಲೆ ವೇಗ ಚೆನ್ನಾಗಿತ್ತು. ಅದರಾಚೆ ಜಾಲಿಯ ಗಿಡಗಳು ಬಂದವು. ಈಜಲು ತೊಡಗಿ ಎರಡೂವರೆ ಗಂಟೆಯಾಗುವ ಹೊತ್ತಿಗೆ, ಸರಿಯಾಗಿ ಕೆರೆಯ ನಡುವೆ, ಗಂಗಣ್ಣನವರ ಅಂಗೈಗೆ ಉದ್ದನೆಯ ಮುಳ್ಳೊಂದು ನಾಟಿತು. ಅವರು ಈಜುವುದನ್ನು ನಿಲ್ಲಿಸಿ ಒಂದು ಮಂಡಿ ಊರಿದರು.

"ಸದಸ್ಯರು ನಿಲ್ಲಬೇಡಿ!" ಎಂದು ಮೈಕು ಕೂಗಿತು. "ಅಲ್ಲಿ ಹದಿನೆಂಟು ಅಡಿ ಆಳ ಇದೆ!"

ಗಂಗಣ್ಣನವರು ಎದ್ದು ನಿಂತಿದ್ದರೆ ನೀರು ಅವರ ಹಿಮ್ಮಡಿಯವರೆಗೂ ಇಲ್ಲವೆಂಬುದು ಇಡೀ ಊರಿಗೆ ಕಾಣುತ್ತಿತ್ತು. ಹಾಗೆ ನೋಡಿದರೆ ಅದು ಮೊದಲಿನಿಂದಲೂ ಕಾಣುತ್ತಿತ್ತು. ಆದರೆ ನಿಂತರೆ ಮಹಜರಿನಲ್ಲಿ ಬರೆಯಬೇಕಾಗುತ್ತಿತ್ತು. ಆಗ ಟ್ಯಾಂಕರ್ ಉಳಿಯುತ್ತಿತ್ತು, ಸಮುದ್ರ ಹೋಗುತ್ತಿತ್ತು.

ಅವರು ಕನ್ನಡಕ ಮೇಲೆತ್ತಿ ದೋಣಿಯ ಕಡೆ ನೋಡಿದರು. ಮುನಿತಾಯಮ್ಮನವರು ಗಳುವಿನ ತುದಿಗೆ ಚೊಂಬು ಕಟ್ಟಿ ಚಾಚಿದರು. ಗಂಗಣ್ಣನವರು ಮಂಡಿಯ ಮೇಲೆಯೇ ಅಂಬಲಿ ಕುಡಿದರು. ಹಲ್ಲಿನಿಂದ ಮುಳ್ಳು ಕಿತ್ತು ಉಗಿದರು. ಕನ್ನಡಕವನ್ನು ಕಣ್ಣಿಗೆ ಎಳೆದುಕೊಂಡರು. ಆಮೇಲೆ ಉಸಿರು ಬಿಗಿಹಿಡಿದು ಮತ್ತೆ ಮಲಗಿದರು.

ಒಟ್ಟು ಐದು ಗಂಟೆ ಹತ್ತು ನಿಮಿಷದಲ್ಲಿ ಆಚೆ ದಡ ಸೇರಿದರು. ಚಪ್ಪಾಳೆ ಬಿತ್ತು. ಮೊಣಕೈ, ಮಂಡಿ, ಎದೆ ಎಲ್ಲ ಕಡೆ ಚರ್ಮ ಕಿತ್ತುಬಂದಿತ್ತು. ಮುನಿತಾಯಮ್ಮನವರು ಟವೆಲ್ ಕೊಟ್ಟರು. "ಒರೆಸ್ಕಳಿ. ನೆಗಡಿ ಆಗ್ಬುಟ್ಟೀತು." ಟವೆಲ್ ಕೆಂಪಾಯಿತು. ಅದರಲ್ಲಿ ಮಣ್ಣೆಷ್ಟು, ರಕ್ತವೆಷ್ಟು ಎಂದು ಮಹಜರಿನಲ್ಲಿ ದಾಖಲಾಗಿಲ್ಲ.

ದೊಡ್ಡಬೀರಪ್ಪ ಏರಿ ಸುತ್ತಿಕೊಂಡು ಓಡಿ ಬಂದಿದ್ದನು. ಎಲ್ಲರೆದುರು ಕೇಳಿದನು: "ಗಂಗಣ್ಣೋ, ನೀನು ಸುಳ್ಳು ಹೇಳೋನಲ್ಲ. ನಿಜ ಹೇಳಪ್ಪಾ, ನೀರು ಹೆಂಗಿತ್ತು?"

ಗಂಗಣ್ಣನವರು ತಲೆ ಒರೆಸಿಕೊಳ್ಳುವುದನ್ನು ಮುಗಿಸಿದರು.

"ತಣ್ಣಗಿತ್ತು" ಎಂದರು.

ದೃಢೀಕರಣ ಪತ್ರ ಅಂದೇ ದೊರೆಯಿತು. ದೂರು ಸೋಮವಾರ ಮುಕ್ತಾಯವಾಯಿತು. ಬುಧವಾರ ಬರಬೇಕಾಗಿದ್ದ ಟ್ಯಾಂಕರ್ ಬರಲಿಲ್ಲ. ಕೆರೆಯ ಆಳ ಈಜುಗಾರರಿಂದಲೇ ಸಾಬೀತಾಗಿರುವ ಕಾರಣ ಸುತ್ತಲೂ ತಂತಿಬೇಲಿ ಹಾಕಲು ಮಂಜೂರಾತಿ ಸಿಕ್ಕಿತು. ಆ ಕಾಮಗಾರಿಯೂ ದೇವರಾಜ್ ಅವರಿಗೇ ಆಯಿತು. ದೊಡ್ಡಬೀರಪ್ಪ ಈಗ ಕುರಿಗಳನ್ನು ಕೆರೆಯೊಳಗೆ ಬಿಡುವುದಿಲ್ಲ. ಏರಿಯನ್ನು ಬಳಸಿಕೊಂಡು ಒಂದು ಮೈಲಿ ಹೆಚ್ಚು ನಡೆಸುತ್ತಾನೆ. ಕೇಳಿದವರಿಗೆ, "ಅಷ್ಟು ದೊಡ್ಡ ಈಜುಗಾರನಿಗೇ ದಾಟಾಕೆ ಐದು ಗಂಟೆ ಹಿಡೀತು, ಕುರಿ ಗತಿ ಏನ್ ಸ್ವಾಮಿ?" ಎನ್ನುತ್ತಾನೆ.

ಮನೆ ಬಳಕೆಯ ನೀರನ್ನು ಇನ್ನು ಮುಂದೆ ದೊಡ್ಡಕೆರೆಯಿಂದಲೇ ತೆಗೆದುಕೊಳ್ಳತಕ್ಕದ್ದೆಂದು ಪಂಚಾಯಿತಿ ಡಂಗುರ ಹೊಡೆಸಿತು. ಹೆಂಗಸರು ಆದೇಶವನ್ನು ಪಾಲಿಸುತ್ತಿದ್ದಾರೆ. ಬೆಳಿಗ್ಗೆ ಸಾಲಾಗಿ ತೂಬಿನ ಮೆಟ್ಟಿಲಿಳಿದು, ಕೊಡವನ್ನು ಬಗ್ಗಿಸಿ, ತುಂಬುವಷ್ಟು ಹೊತ್ತು ಕಾದು, ಸೊಂಟಕ್ಕೇರಿಸಿಕೊಂಡು ಬರುತ್ತಾರೆ. ಅನ್ನಕ್ಕೆ ಇಡುವ ನೀರನ್ನು ಎಲ್ಲಿಂದ ತರುತ್ತಾರೆಂಬುದು ಬೇರೆ ಇಲಾಖೆಗೆ ಸೇರಿದ ವಿಷಯ.

ಏಪ್ರಿಲ್ ಒಂದರಂದು ಗಂಗಣ್ಣನವರು ಸಮುದ್ರಕ್ಕೆ ಹೊರಟರು. ಕೈಚೀಲದಲ್ಲಿ ದೃಢೀಕರಣ ಪತ್ರ, ಹೊಸ ಟೋಪಿ, ಹರಳೆಣ್ಣೆಯ ಶೀಷೆ ಇದ್ದವು. ಬಸ್ಸಿಗೆ ಹೋಗುವ ಕಿರಿದಾದ ಏರಿದಾರಿಯಲ್ಲಿ ಹೆಂಗಸರ ಸಾಲು ಎದುರಾಯಿತು. ಮುಂದೆ ಮುನಿತಾಯಮ್ಮನವರಿದ್ದರು. ಕೊಡದ ಭಾರಕ್ಕೆ ಒಂದು ಕಡೆ ವಾಲಿಕೊಂಡು, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಿಧಾನವಾಗಿ ಬರುತ್ತಿದ್ದರು.

"ಹೋಗ್ಬತ್ತೀನಿ" ಎಂದರು ಗಂಗಣ್ಣನವರು.

"ಒಸಿ ದಾರಿ ಬಿಡಿ" ಎಂದರು ಮುನಿತಾಯಮ್ಮನವರು. "ತುಳುಕ್ತದೆ."

ಗಂಗಣ್ಣನವರು ಪಂಚೆ ನೆನೆಯದಂತೆ ಎತ್ತಿ ಹಿಡಿದುಕೊಂಡು ಪಕ್ಕಕ್ಕೆ ಸರಿದು ನಿಂತರು.