ಓರ್ಫಾ ಟಿಡ್‌ವೆಲ್ ಡಚೆಸ್ ಆದ ದಿನ

ಎಲ್ಲದಕ್ಕೂ ಕಾರಣ ಓರ್ಫಾ ಟಿಡ್‌ವೆಲ್‌ಳ ಸೊಂಟದ ಸುತ್ತಳತೆ. ಡಚೆಸ್ ಪಾತ್ರ ಮಾಡಬೇಕಿದ್ದ ಹಿರಿಯ ನಟಿ ಸ್ನಾನದ ಮನೆಯಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು. ಆಕೆಗೆಂದು ಹೊಲಿದ ರೇಷ್ಮೆ ಗೌನು ಆಗಲೇ ತಯಾರಾಗಿತ್ತು. ಅದು ಇನ್ನಾರ ಮೈಗೆ ಹಿಡಿಸೀತು ಎಂದು ಸ್ಟುಡಿಯೋದವರು ಅಳತೆ ಪುಸ್ತಕ ತಿರುವಿದಾಗ ಸಿಕ್ಕವಳು ಓರ್ಫಾ ಒಬ್ಬಳೇ. ಹಾಲಿವುಡ್‌ನಲ್ಲಿ ಪ್ರತಿಭೆಯ ಮಾತು ಬರುವುದು ಅಳತೆ ಟೇಪಿನ ಮಾತು ಮುಗಿದ ಮೇಲೆ.

ಬೆಳಿಗ್ಗೆ ಎಂಟಕ್ಕೆ ವಸತಿಗೃಹದ ಹಜಾರದ ಫೋನು ಬಡಿದುಕೊಂಡಿತು. ಮಾತಾಡಿದ್ದು ಪಾತ್ರ ಹಂಚುವ ಕಚೇರಿಯ ವರ್ನಾ.

"ಮಧ್ಯಾಹ್ನ ಎರಡಕ್ಕೆ ಸ್ಟುಡಿಯೋದಲ್ಲಿ ನಟನೆಯ ಪರೀಕ್ಷೆ. ಡಚೆಸ್ ಪಾತ್ರ, ಅರಮನೆ ಯಜಮಾನಿ. ಹನ್ನೊಂದು ದೃಶ್ಯ ಇದೆ, ತಪ್ಪಿಸ್ಕೋಬೇಡಿ."

ಓರ್ಫಾ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇಪ್ಪತ್ತೆರಡು ವರ್ಷ, ತೊಂಬತ್ತು ಚಿತ್ರ, ಎಲ್ಲದರಲ್ಲೂ ಮನೆಗೆಲಸದವಳ ಪಾತ್ರ. ಬಾಗಿಲು ತೆಗೆ, ಬಂದವರ ಕೋಟು ಇಸಿದುಕೋ, ಟ್ರೇ ಇಡು, ಹೊರಡು. ಅವಳು ಹೊರಬಿದ್ದ ಮೇಲೆಯೇ ಅಲ್ಲಿ ಪ್ರೇಮ, ಕೊಲೆ, ಕಣ್ಣೀರು ಎಲ್ಲ ನಡೆಯುತ್ತಿತ್ತು. ಟಿಕೆಟ್ ತೆಗೆದುಕೊಂಡು ಚಿತ್ರ ನೋಡಿದರೆ ಕತೆಯೇನೋ ತಿಳಿಯುತ್ತಿತ್ತು. ಆದರೆ ಆ ಸೋಫಾದಲ್ಲಿ ಕೂತವರಿಗೆ ಹೇಗನಿಸುತ್ತದೆ? ಟ್ರೇ ಬಂದಾಗ ಅವರು ತಂದವಳ ಮುಖ ನೋಡುತ್ತಾರೋ, ಟ್ರೇ ನೋಡುತ್ತಾರೋ? ಒಮ್ಮೆಯಾದರೂ ಕೋಣೆಯೊಳಗೇ ಉಳಿದು ನೋಡಬೇಕೆಂಬ ಕುತೂಹಲ ಅವಳನ್ನು ಇಷ್ಟು ವರ್ಷ ಒಳಗೊಳಗೇ ಕೊರೆಯುತ್ತಿತ್ತು.

ವಸತಿಗೃಹದಲ್ಲಿ ಗುಟ್ಟು ಎಂಬುದಿಲ್ಲ. ಫೋನು ಇಡುವಷ್ಟರಲ್ಲಿ ಎದುರು ಕೋಣೆಯ ನೆಟ್ಟಿ ಲೋಮ್ಯಾಕ್ಸ್ ಓಡಿ ಬಂದಳು. ಅವಳೂ ಪರದೆಯ ಮೇಲೆ ಕೆಲಸದವಳೇ, ಓರ್ಫಾಗಿಂತ ಹನ್ನೆರಡು ಚಿತ್ರ ಕಡಿಮೆ.

"ಡಚೆಸ್ಸಾ? ನೀನಾ? ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೇ. ಬಾಗಿಲು ಬಡಿದ ಸದ್ದಾದ್ರೆ ಎದ್ದು ಓಡ್ತೀಯ!"

"ಸುಮ್ನಿರಿ ನೆಟ್ಟಿ, ನಾನಿದ್ದೀನಲ್ಲ," ಎಂದು ಮಹಡಿಯಿಂದ ಇಳಿದವರು ಲಿಯಾಂಡರ್ ಪ್ರ್ಯಾಟ್. ನಾಟಕದಲ್ಲಿ ನಲವತ್ತು ವರ್ಷ ರಾಜನಾಗಿ ಮೆರೆದು, ಈಗ ಕೆಲಸವಿಲ್ಲದೆ ಬೇರೆಯವರ ಕೆಲಸದಲ್ಲಿ ಮೂಗು ತೂರಿಸುತ್ತಿದ್ದ ಮುದುಕ.

ಪಾಠ ಶುರುವಾಯಿತು. ಪ್ರ್ಯಾಟ್ ಬಾಗಿಲ ಗಂಟೆ ಬಾರಿಸಿದರು. ಓರ್ಫಾ ಎದ್ದಳು.

"ಕೂತ್ಕೊಳ್ರೀ! ಡಚೆಸ್ ಎದ್ದು ಹೋಗಿ ಬಾಗಿಲು ತೆಗೀತಾಳೇನ್ರೀ?"

ಮತ್ತೆ ಗಂಟೆ. ಓರ್ಫಾ ಮತ್ತೆ ಎದ್ದಳು. ಅಷ್ಟರಲ್ಲಿ ನಿಜವಾದ ಅಂಚೆಯವನೇ ಬಂದ. ಅವಳು ಅವನ ಹೆಗಲಿನ ಚೀಲ ಇಸಿದುಕೊಂಡು, ಕೋಟಿನ ಗೂಟಕ್ಕೆ ನೇತುಹಾಕಿ, "ಯಜಮಾನರಿಗೆ ತಿಳಿಸ್ತೀನಿ ಸರ್," ಎಂದಳು.

"ಪತ್ರ ಹಂಚೋಕಿದೆ, ಚೀಲ ಕೊಡಿ ತಾಯಿ," ಎಂದು ಅವನು ಅಂಗಲಾಚಿದ.

ನೆಟ್ಟಿ ತನ್ನ ಶಾಲು ತಂದು ಓರ್ಫಾಳನ್ನು ಕುರ್ಚಿಗೆ ಕಟ್ಟಿದಳು. ಎರಡು ಗಂಟೆ ಕಾಲ ಪ್ರ್ಯಾಟ್ ಗಂಟೆ ಬಾರಿಸಿದ್ದೇ ಬಾರಿಸಿದ್ದು. ಮೊದಮೊದಲು ಅವಳ ಮೊಣಕಾಲು ಅದುರುತ್ತಿತ್ತು, ಆಮೇಲೆ ಬರೀ ಹುಬ್ಬು, ಕೊನೆಗೆ ಅದೂ ಇಲ್ಲ. ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಅವಳಿಗೆಂದು ಒಲೆಗಿಟ್ಟ ಬ್ರೆಡ್ಡು ಸುಟ್ಟು ಹೊಗೆ ಹಜಾರ ತುಂಬಿತು. ಶಾಲು ಬಿಚ್ಚಿದ್ದರೂ ಓರ್ಫಾ ಕದಲಲಿಲ್ಲ.

"ಯಾರಾದ್ರೂ ಹೋಗಿ ನೋಡಿ," ಎಂದಳು.

ಪ್ರ್ಯಾಟ್ ಹೆಮ್ಮೆಯಿಂದ ಕಣ್ಣೊರೆಸಿಕೊಂಡರು. ನೆಟ್ಟಿ ಮಾತ್ರ ಕೆಮ್ಮುತ್ತ ಓಡಿದಳು.

ನೆಟ್ಟಿಯ ಜೊತೆ ಸ್ಟುಡಿಯೋಗೆ ಹೊರಟಾಗ ಟ್ರಾಮ್ ನಿಲ್ದಾಣದಲ್ಲಿ ಫಜೀತಿ. ಬಂದ ಎರಡು ಗಾಡಿಗಳನ್ನೂ ಓರ್ಫಾ ಬಿಟ್ಟಳು. ಯಾರಾದರೂ ಕೈಹಿಡಿದು ಹತ್ತಿಸಲಿ ಎಂದು ಗತ್ತಿನಿಂದ ಕಾಯುತ್ತ ನಿಂತಿದ್ದಳು. ಮೂರನೆಯದಕ್ಕೆ ಅವಳನ್ನು ಹಿಂದಿನಿಂದ ದೂಡಿ, ಅವಳ ಕೈಚೀಲ ತಾನೇ ಹಿಡಿದು, ಬೈಯುತ್ತಲೇ ನೆಟ್ಟಿಯೂ ಹತ್ತಿದಳು.

ಪರೀಕ್ಷೆಯಲ್ಲಿ ಓರ್ಫಾ ಸೋಫಾದ ಮೇಲೆ ಕೂತದ್ದೇ ನಿರ್ದೇಶಕ ಬ್ರ್ಯಾಂಟ್ಲಿ ಎದ್ದು ನಿಂತ. ಗಂಟೆ ಮೊಳಗಿತು, ಅವಳ ಕಣ್ಣರೆಪ್ಪೆಯೂ ಅಲುಗಲಿಲ್ಲ. ಟ್ರೇ ಬಂತು. ಅವಳು ತಂದವಳ ಮುಖವನ್ನೂ ನೋಡಲಿಲ್ಲ, ಟ್ರೇಯನ್ನೂ ನೋಡಲಿಲ್ಲ. ಓಹೋ, ಹೀಗೆ ನೋಡದೇ ಇರುವುದೇ ದೊಡ್ಡಸ್ತಿಕೆ ಎಂದು ಅವಳಿಗೆ ಹೊಳೆಯಿತು. ಖುಷಿಯಿಂದ ಎದೆ ತುಂಬಿ ಬಂತು.

"ಅದ್ಭುತ!" ಎಂದ ಬ್ರ್ಯಾಂಟ್ಲಿ. "ಇಷ್ಟು ದಿನ ಎಲ್ಲಿ ಅಡಗಿದ್ರಿ ಮೇಡಂ?"

ಆಗಲೇ ಕತೆ ಬರೆಯುವವನು ನೀಲಿ ಹಾಳೆಗಳ ಕಟ್ಟು ಹಿಡಿದು ಬಂದ. ನೀಲಿ ಹಾಳೆ ಬಂತೆಂದರೆ ಕತೆ ಬದಲಾಯಿತೆಂದೇ ಅರ್ಥ.

"ನಿರ್ಮಾಪಕರಿಗೆ ಊಟದ ಹೊತ್ತಲ್ಲಿ ಹೊಸ ಯೋಚನೆ ಬಂತು ಸರ್. ದಂಗೆ ಏಳುತ್ತೆ, ಡಚೆಸ್ ತಪ್ಪಿಸ್ಕೊಂಡು ಕೆಲಸದವಳ ವೇಷದಲ್ಲಿ ಬದುಕ್ತಾಳೆ. ಹನ್ನೊಂದು ದೃಶ್ಯಾನೂ ಹಾಗೇ, ಆ ರೇಷ್ಮೆ ಗೌನು ಬೇಕಾಗಲ್ಲ. ಯಾರಿಗೂ ಒಂಚೂರೂ ಅನುಮಾನ ಬರಬಾರ್ದು."

ಓರ್ಫಾ ಹಿರಿಹಿರಿ ಹಿಗ್ಗಿದಳು. "ಅದಾದ್ರೆ ಇನ್ನೂ ಸಲೀಸು ಸರ್! ಇಪ್ಪತ್ತೆರಡು ವರ್ಷದಿಂದ ಅದನ್ನೇ ಮಾಡಿದ್ದೀನಿ."

"ತಮಾಷೆ ಮಾಡ್ಬೇಡಿ ಮೇಡಂ," ಎಂದು ಬ್ರ್ಯಾಂಟ್ಲಿ ನಕ್ಕ. "ಸರಿ, ಮಾಡಿ ತೋರಿಸಿ."

ಓರ್ಫಾ ಟ್ರೇ ಎತ್ತಿದಳು. ಕತ್ತು ಬಾಗಲಿಲ್ಲ. ಬೆನ್ನು ಬಗ್ಗಲಿಲ್ಲ. ಗಂಟೆ ಮೊಳಗಿತು, ಕಾಲು ಏಳಲಿಲ್ಲ. ಎದುರು ಬಂದ ನಟ ತನ್ನ ಕೋಟು ನೀಡಿದರೆ, ಅದನ್ನು ತನಗೆ ಉಡುಗೊರೆ ಕೊಡಲು ಬಂದಿದ್ದಾನೆಂಬಂತೆ ನೋಡಿದಳು. ಕೈಯ ಟ್ರೇ ಓರೆಯಾಯಿತು. ಮೂಲೆಯಲ್ಲಿ ಕೈಚೀಲ ಹಿಡಿದು ನಿಂತಿದ್ದ ನೆಟ್ಟಿಗೆ ತಡೆಯಲಾಗಲಿಲ್ಲ. ಓಡಿ ಬಂದು ಟ್ರೇ ಹಿಡಿದಳು, ಇನ್ನೊಂದು ಕೈಯಲ್ಲಿ ಕೋಟು ಇಸಿದುಕೊಂಡಳು, ತಲೆತಗ್ಗಿಸಿ ಹಿಂದೆ ಸರಿದಳು.

"ಯಾರಿವರು?" ಎಂದು ಬ್ರ್ಯಾಂಟ್ಲಿ ಕೂಗಿದ.

ಸಂಜೆ ಐದಕ್ಕೆ ಓರ್ಫಾ ಹಜಾರದ ಫೋನಿಗೆ ಆತುಕೊಂಡು ನಿಂತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳು ಒತ್ತರಿಸಿ ಬರುತ್ತಿತ್ತು.

"ವರ್ನಾ, ನಾಳೆ ಕೆಲಸದವಳ ಪಾತ್ರ ಏನಾದ್ರೂ ಇದ್ಯೇನಮ್ಮ? ಬಾಗಿಲು ತೆಗೆಯೋದಾದ್ರೂ ಸರಿ."

"ಅಯ್ಯೋ, ನಿಮಗಾ ಮೇಡಂ?" ವರ್ನಾಳ ದನಿಯಲ್ಲಿ ಎಂದೂ ಇಲ್ಲದ ವಿನಯ. "ಬ್ರ್ಯಾಂಟ್ಲಿ ಸರ್ ತಾವೇ ಬಂದು ನಿಮ್ಮ ಹೆಸರಿನ ಕಾರ್ಡನ್ನ ಕೆಲಸದವರ ಪಾತ್ರದ ಪೆಟ್ಟಿಗೆಯಿಂದ ತೆಗೆದು ರಾಜಮನೆತನದ ಪೆಟ್ಟಿಗೆಗೆ ಹಾಕಿದ್ರು. ಇನ್ಮೇಲೆ ನಿಮ್ಮನ್ನ ಸಣ್ಣಪುಟ್ಟ ಪಾತ್ರಕ್ಕೆ ಕರೀಲೇಬಾರ್ದಂತೆ!"

"ಆ ಪೆಟ್ಟಿಗೆಯವರಿಗೆ ಕೆಲಸ ಯಾವಾಗ ಬರುತ್ತಮ್ಮ?"

ಅತ್ತ ಹಾಳೆ ತಿರುವುವ ಸದ್ದು ಕೇಳಿಸಿತು.

"ಈ ವರ್ಷ ಇದ್ದಿದ್ದೇ ಒಂದು ಡಚೆಸ್ ಪಾತ್ರ ಮೇಡಂ. ಅದು ನೆಟ್ಟಿ ಲೋಮ್ಯಾಕ್ಸ್ ಅವರಿಗೆ ಹೋಯ್ತು."